ಹುಳುವಿನ ಬಾಲ ನನ್ನ ಹತ್ತಿರವಿತ್ತು

ಫೋನು ಬಂದಾಗ ನಾನು ಪಾಂಡವಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕೂತು ಹುಡುಗರ ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದೆ.

"ಲೇ, ನಮ್ ಉಳ ಒಸ್ದು ಕಣ್ಲಾ! ಪರ್ಪಂಚದಲ್ಲಿ ಇನ್ನೂ ಯಾರೂ ಅದುಕ್ಕೆ ಎಸ್ರಿಟ್ಟಿಲ್ಲ!"

ಹೀಗೆ ಕಿವಿ ತೂತಾಗುವಂತೆ ಕೂಗಿದವನು ಸಂತೆಬಾಚಹಳ್ಳಿಯ ನನ್ನ ಗೆಳೆಯ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಎರಡು ವರ್ಷ ನಮಗೆ ಒಂದೇ ರೂಮು, ಒಂದೇ ಬಕೆಟ್ಟು. ಈಗ ಅವನು ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕಡಲ ಹುಳುಗಳ ಮೇಲೆ ಕೆಲಸ ಮಾಡುತ್ತಾನೆ. ನಾನು ಇಲ್ಲಿ ವರ್ಷಾ ವರ್ಷ ಅದೇ ಜಿರಳೆ, ಅದೇ ಕಪ್ಪೆ ಪಾಠ ಮಾಡುತ್ತೇನೆ.

"ಒಳ್ಳೇದಾಯ್ತು ಬುಡ್ಲಾ" ಅಂದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ನನಗೆ ಉರಿದದ್ದು ಅವನು 'ನಮ್' ಹುಳ ಅಂದದ್ದಕ್ಕೆ. ನಮ್ಮದು ಅನ್ನುವುದು ನಿಜವೇ ಆಗಿತ್ತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಓದುವ ಕಾಲದಲ್ಲಿ ನಮ್ಮನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದರು. ನೀರು ಇಳಿದ ಹೊತ್ತಿನಲ್ಲಿ ಒಂದೇ ಬಂಡೆಯ ಸಂದಿನಲ್ಲಿ ನಮಗೆ ಎರಡು ಹುಳು ಸಿಕ್ಕವು. ನಮ್ಮ ಗದ್ದೆಯ ಎರೆಹುಳುವಿನ ನೆಂಟರೇ, ಆದರೆ ಮೈಯ ಎರಡೂ ಪಕ್ಕ ಸಾಲಾಗಿ ಬಿರುಗೂದಲು. ಅವನಿಗೊಂದು, ನನಗೊಂದು. ಇಂಥ ಹುಳುವನ್ನು ಜೀವಂತ ಹಿಡಿದು ನೇರವಾಗಿ ಫಾರ್ಮಲಿನ್ನಿಗೆ ಹಾಕಬಾರದು. ಹಾಕಿದರೆ ಸಾಯುವ ಗಾಬರಿಯಲ್ಲಿ ತನ್ನ ಬಾಲವನ್ನು ತಾನೇ ತುಂಡು ಮಾಡಿಕೊಳ್ಳುತ್ತದೆ. ಕಡಲ ನೀರಿನಲ್ಲೇ ಬಿಟ್ಟು, ಹನಿ ಹನಿಯಾಗಿ ಸ್ಪಿರಿಟ್ಟು ಬೆರೆಸಿ, ಮತ್ತು ಬರಿಸಿ ಮಲಗಿಸಬೇಕು. ಒಂದು ಹುಳುವಿಗೆ ಒಂದು ಗಂಟೆಯಾದರೂ ಬೇಕು.

ನಾನು ಆ ಗಂಟೆ ಕೊಟ್ಟೆ. ಅವನಿಗೆ ಹಸಿವು. ಮೀನೂಟ ತಣ್ಣಗಾಗುತ್ತದೆ ಅಂತ ಹುಳುವನ್ನು ಎತ್ತಿ ಬಾಟ್ಲಿಗೆ ಹಾಕಿ ಎದ್ದುಹೋದ. ಬಂದು ನೋಡಿದರೆ ಬಾಲ ಬಿದ್ದು ಚೂರುಚೂರಾಗಿತ್ತು. ನನ್ನದು ಮೀಸೆಯಿಂದ ಬಾಲದವರೆಗೆ ಇಡಿಯಾಗಿ ಮಲಗಿತ್ತು. ಅವನನ್ನು ಆ ಪ್ರವಾಸವಿಡೀ 'ಬಾಲ ಕಿತ್ತೋನು' ಅಂತ ರೇಗಿಸಿದೆ.

ಆಮೇಲೆ ಹಳೆಯದೊಂದು ವಿದೇಶಿ ಪುಸ್ತಕ ಎದುರಿಗಿಟ್ಟುಕೊಂಡು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ಹುಳು ಅಂತ ಹೆಸರು ಹಚ್ಚಿದವನೂ ನಾನೇ. ಆ ಪುಸ್ತಕದ ಪ್ರಕಾರ ಬಿರುಗೂದಲ ತುದಿಗೆ ಒಂದೇ ಕೊಕ್ಕೆ ಇರಬೇಕು. ನನ್ನ ಕಣ್ಣಿಗೆ ಎರಡು ಕಂಡವು, ದೇವರಾಣೆಗೂ ಕಂಡವು. ಪುಸ್ತಕ ಸುಳ್ಳು ಹೇಳುತ್ತದೆಯೇ, ಕೂದಲೇ ಸೀಳಿರಬೇಕು ಅಂದುಕೊಂಡೆ. ಯಾವುದೋ ತಣ್ಣನೆಯ ದೇಶದ ಕಡಲ ಹುಳುವಿನ ಹೆಸರನ್ನು ಪೆನ್ಸಿಲ್ಲಿನಲ್ಲಿ ಚೀಟಿಗೆ ಬರೆದು ಬಾಟ್ಲಿಯೊಳಗೆ ಹಾಕಿದೆ. ಮೇಷ್ಟ್ರು ಬೆನ್ನು ತಟ್ಟಿದರು. ಇಷ್ಟು ವರ್ಷದ ಮೇಲೆ ಅವನು ತನ್ನ ಮೋಟು ಹುಳುವನ್ನು ಮತ್ತೆ ತೆಗೆದು ನೋಡಿದ್ದಾನೆ. ಅವನಿಗೂ ಎರಡು ಕೊಕ್ಕೆ ಕಂಡಿವೆ. ಅವನು ಪುಸ್ತಕವನ್ನು ಮುಚ್ಚಿಟ್ಟು ಹುಳುವನ್ನು ನಂಬಿದ್ದಾನೆ.

"ನಿನ್ ಅತ್ರ ಇಡೀ ಉಳ ಇತ್ತಲ್ಲಾ, ಬಾಲ ಸಮೇತ? ಅದು ಅದೆಯೇನ್ಲಾ?" ಅಂತ ಅದೇ ಫೋನಿನಲ್ಲಿ ಕೇಳಿದ. ಬಾಲವಿಲ್ಲದಿದ್ದರೆ ಹೊಸ ಹುಳುವಿನ ಬಗ್ಗೆ ಬರೆಯುವ ವರ್ಣನೆ ಅರ್ಧಂಬರ್ಧ. ಆ ಬಂಡೆಗಳ ಮೇಲೆ ಈಗ ಕಾಂಕ್ರೀಟು ಬಿದ್ದಿದೆ, ಮೂರು ಸಲ ಹುಡುಕಿದರೂ ಇನ್ನೊಂದು ಸಿಕ್ಕಿಲ್ಲವಂತೆ.

ಬಾಟ್ಲಿ ನನ್ನೆದುರಿನ ಬೀರುವಿನಲ್ಲೇ ಇತ್ತು. ಕೂತಲ್ಲಿಂದಲೇ ಕೈಗೆ ಎಟುಕುತ್ತಿತ್ತು.

"ಅದು ಯಾವತ್ತೋ ಒಣ್ಗೋಯ್ತು ಕಣ್ಲಾ" ಅಂದೆ.

"ಅಯ್ಯೋ ಪಾಪಿ! ಇರ್ಲಿ, ಊರಿಗ್ ಬಂದಾಗ ಬಂದು ಒಂದ್ಸಲ ನೋಡ್ತೀನಿ. ಒಣಗಿದ್ರೂ ಏನಾರ ಸಿಕ್ತದೆ."

ಈಗ ಪೇಚಿಗಿಟ್ಟುಕೊಂಡಿತು. ಆ ಶನಿವಾರವೇ ಬಾಟ್ಲಿಯನ್ನು ಟವಲಿನಲ್ಲಿ ಸುತ್ತಿ ನಮ್ಮೂರು ಕ್ಯಾತನಹಳ್ಳಿಗೆ ಒಯ್ದೆ. ಮನೆಯಲ್ಲಿ ಇಟ್ಟರೆ ಅತ್ತಿಗೆ ಕೇಳುತ್ತಾರೆ. ನಮ್ಮಣ್ಣನ ಆಲೆಮನೆ ಆಗ ನಿಂತಿತ್ತು, ಕಬ್ಬು ಇನ್ನೂ ಮಾಗಿರಲಿಲ್ಲ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಹಿಂದಿನ ಗೋಡೆಯ ಗೂಡಿನಲ್ಲಿ ಇಟ್ಟು ಬಂದೆ. ನಾಲ್ಕು ದಿನದ ಮಾತು, ಅವನು ಬಂದು ಹೋದ ಮೇಲೆ ತಂದರಾಯಿತು ಅಂದುಕೊಂಡಿದ್ದೆ.

ಅವನು ಬಂದ. ಬೀರುವಿನ ಬಾಗಿಲನ್ನು ಅವನೇ ತೆಗೆದ. ಧೂಳಿನ ಮಧ್ಯೆ ಒಂದು ಕಡೆ ಮಾತ್ರ, ಒಂದು ರೂಪಾಯಿಗಿಂತ ಚೂರು ದೊಡ್ಡದಾಗಿ, ದುಂಡಗೆ ಚೊಕ್ಕಟವಾಗಿತ್ತು.

"ಇಲ್ಲೇನಿತ್ಲಾ?"

"ಕಪ್ಪೆ ಬಾಟ್ಲಿ" ಅಂದೆ. ಅವನು ಆ ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿ ಬಾಗಿಲು ಮುಚ್ಚಿದ.

ಸಂಜೆ ಇಬ್ಬರೂ ಬೈಕಿನಲ್ಲಿ ಕರಿಘಟ್ಟಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಹುಳುವಿಗೆ ತನ್ನ ಅಜ್ಜಿಯ ಹೆಸರಿಡುತ್ತೇನೆ ಅಂದ. ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿ ಅವನನ್ನು ಓದಿಸಿದ ಅಜ್ಜಿ. ಒಳ್ಳೆಯ ಮುದುಕಿ, ನನಗೂ ಎಷ್ಟೋ ಸಲ ಊಟಕ್ಕಿಟ್ಟಿದ್ದಾಳೆ. ಆದರೂ ನನ್ನ ಹಾಳು ಮನಸ್ಸು, ಕಡಲನ್ನೇ ಕಾಣದ ಮುದುಕಿಗೆ ಕಡಲ ಹುಳು ಬೇರೆ ಕೇಡು ಅಂದುಕೊಂಡಿತು.

"ನಿನ್ ಉಳ ಇದ್ದಿದ್ರೆ ಇಬ್ರೂ ಸೇರಿ ಬರೀಬೋದಿತ್ತು ಕಣ್ಲಾ. ನಿನ್ ಎಸ್ರು ನನ್ ಎಸ್ರು ಒಂದೇ ಸಾಲಲ್ಲಿ ಇರ್ತಿತ್ತು" ಅಂದ.

ಇದನ್ನು ಫೋನಿನಲ್ಲೇ ಹೇಳಬಾರದಿತ್ತೇ, ಮಾರಾಯ! ಬಾಯಿ ತುದಿಗೆ ಬಂತು. ಆದರೆ ಈಗ ಬಾಟ್ಲಿ ಇದೆ ಅಂದರೆ ನಾನು ಬಚ್ಚಿಟ್ಟದ್ದೂ ಗೊತ್ತಾಗುತ್ತದೆ. ಮರ್ಯಾದೆ ದೊಡ್ಡದಾಯಿತು. ಸುಮ್ಮನೆ ಕಡಲೆಕಾಯಿ ಸುಲಿದೆ.

ಅವನು ಹೋದ ಮೇಲೂ ನಾನು ಬಾಟ್ಲಿ ತರಲು ಹೋಗಲಿಲ್ಲ. ನೋಡಿದರೆ ಮತ್ತೆ ಉರಿಯುತ್ತದೆ ಅಂತ ಇವತ್ತು ನಾಳೆ ಅನ್ನುತ್ತ ತಿಂಗಳುಗಳು ಕಳೆದವು. ನನ್ನ ಹೆಂಡತಿ ಒಂದು ದಿನ ಮುಖಕ್ಕೆ ಹೊಡೆದಂತೆ ಅಂದಳು: "ಅಲ್ಲಾ, ಯಾರ್ಯಾರೋ ಸೈಟು ತಗೊಂಡ್ರು, ಕಾರು ತಗೊಂಡ್ರು, ಆಗೆಲ್ಲ ಗಡದ್ದಾಗಿ ನಿದ್ದೆ ಮಾಡಿದ್ರಿ. ಈಗ ಒಂದ್ ಉಳಕ್ಕೆ ಇಂಗ್ ಒಟ್ಟೆ ಉರ್ಕತೀರಲ್ಲ!"

ಅವಳಿಗೇನು ಗೊತ್ತು. ಕಾರಿಗೆ ನಾನು ಯಾವತ್ತೂ ಒಂದು ಗಂಟೆ ಹನಿ ಹನಿಯಾಗಿ ಸ್ಪಿರಿಟ್ಟು ಹಾಕಿರಲಿಲ್ಲ.

ಆಮೇಲೆ ಅವನದು ಮತ್ತೆ ಫೋನು. ಹುಳುವಿನ ಮೇಲೆ ಅವನು ಬರೆದ ಲೇಖನವನ್ನು ಪರೀಕ್ಷಿಸಿದವರು ಬಾಲ ಎಲ್ಲಿ ಅಂತ ಕೇಳಿದ್ದರಂತೆ. "ಇನ್ನೊಂದ್ಸಲ ಉಡುಕ್ಲಾ. ಇದೇ ಕೊನೆ, ಆಮೇಲೆ ನಾನ್ ಕೇಳಾಕಿಲ್ಲ." ಅವನ ದನಿಯಲ್ಲಿ ಬೇಡುವವನ ದೈನ್ಯವಿತ್ತು. ನನಗೆ ನಾಚಿಕೆಯಾಯಿತು. ಹಾಳಾಗಿ ಹೋಗಲಿ ಮರ್ಯಾದೆ, ಕೊಟ್ಟುಬಿಡೋಣ ಅಂತ ಮೊದಲ ಬಸ್ಸಿಗೇ ಊರಿಗೆ ಹೋದೆ.

ದೂರದಿಂದಲೇ ಬೆಲ್ಲದ ವಾಸನೆ. ಆಲೆಮನೆ ನಡೆಯುತ್ತಿತ್ತು. ಒಲೆಯ ಬಾಯಿಗೆ ಹಾಲು ಹಿಂಡಿದ ಕಬ್ಬಿನ ರಚ್ಚು ನೂಕುತ್ತಿದ್ದರು, ಹಿಂದಿನ ಗೋಡೆ ಕೈ ಇಡಲಾಗದಷ್ಟು ಕಾದಿತ್ತು. ಗೂಡಿನಲ್ಲಿ ನನ್ನ ಬಾಟ್ಲಿ ಇತ್ತು. ಅದರ ತುಂಬ ಬೆಳ್ಳಗೆ ಸುಣ್ಣ, ಕಬ್ಬಿನ ಹಾಲಿನ ಕೊಳೆ ತೆಗೆಯಲು ಹಾಕುವ ಸುಣ್ಣ.

"ಅದ್ರಲ್ಲಿ ಉಳ ಇತ್ತಲ್ಲಣ್ಣ?"

"ಉಳವಾ? ನೀರೆಲ್ಲ ಒಣ್ಗೋಗಿತ್ತು ಕಣ್ಲಾ. ತಳದಲ್ಲಿ ಒಂದ್ ನಾರು, ಒಂದ್ ಚೀಟಿ ಅಂಟ್ಕಂಡಿತ್ತು. ಒಲೆಗೆ ಕೊಡವ್ಬುಟ್ಟೆ. ಬಾಟ್ಲಿ ಚೆನ್ನಾಗಿತ್ತು, ಸುಣ್ಣ ಮಡಗಿವ್ನಿ. ಯಾಕ್ಲಾ, ಬೇಕಿತ್ತಾ?"

ಅಣ್ಣನ ತಪ್ಪೇನಿದೆ. ಅವನು ಕೊಟ್ಟ ಬಿಸಿ ಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಗೆಳೆಯನಿಗೆ ಫೋನು ಮಾಡಿದೆ.

"ಇಲ್ಲ ಕಣ್ಲಾ. ಒಣ್ಗೋಗದೆ. ನಿಜವಾಗ್ಲೂ."

"ಆಯ್ತು ಬುಡ್ಲಾ" ಅಂದ. "ಆದ್ರೆ ಕಪ್ಪೆ ಬಾಟ್ಲಿ ಅಷ್ಟ್ ಸಣ್ಣಕಿರಾಕಿಲ್ಲ."

ಲೇಖನ ಅಚ್ಚಾಗಿ ಬಂತು, ಅಜ್ಜಿಯ ಹೆಸರಿನಲ್ಲಿ. ಅವನು ಕಳಿಸಲಿಲ್ಲ, ನಾನೇ ಹುಡುಕಿ ಓದಿದೆ. ಮೀಸೆ ಎಷ್ಟು, ಕಣ್ಣೆಷ್ಟು, ಎರಡು ಕೊಕ್ಕೆಯ ಬಿರುಗೂದಲು, ಎಲ್ಲ ಅಚ್ಚುಕಟ್ಟಾಗಿದೆ. ಇವತ್ತಿಗೂ ಓದಿದರೆ ಹೊಟ್ಟೆ ಉರಿಯುತ್ತದೆ. ವರ್ಣನೆಯ ಕಡೆಯ ಸಾಲು ಹೀಗಿದೆ: ಬಾಲದ ತುದಿ ತಿಳಿದುಬಂದಿಲ್ಲ.

ತುದಿಯಲ್ಲಿ ಎರಡು ಎಳೆಗಳಿದ್ದವು, ಒಂದು ಉದ್ದ, ಒಂದು ಗಿಡ್ಡ. ಬುಡದಲ್ಲಿ ಒಂದು ಕಪ್ಪು ಚುಕ್ಕೆ. ನಾನು ನೋಡಿದ್ದೇನೆ. ತೋರಿಸಲು ಹುಳುವಿಲ್ಲ, ಹೇಳೋಣವೆಂದರೆ ಅವನು ನನ್ನ ಫೋನು ಎತ್ತುವುದಿಲ್ಲ.