ಮ್ಯಾನೇಜರನ್ನು ಕಳಿಸಬೇಕೋ ಬೇಡವೋ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, ದೇವರೆದುರು ಕೈಮುಗಿದು ನಿಂತು, ಏನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಇಳಿದು ಬಂದ ಭಕ್ತ ನಾನೊಬ್ಬನೇ ಇರಬೇಕು. ಸಂತಾನ ಬೇಕೆನ್ನುವವರಿಗೆ, ಬೋರ್‌ವೆಲ್ಲಿನಲ್ಲಿ ನೀರು ಬರಲಿ ಎನ್ನುವವರಿಗೆ ಈ ಕಷ್ಟವಿಲ್ಲ. ನನ್ನದು ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡದ ಮ್ಯಾನೇಜರನ ವಿಚಾರ. ಅವನನ್ನು ಉಳಿಸಪ್ಪ ಎನ್ನಬೇಕೋ, ಕಳಿಸಪ್ಪ ಎನ್ನಬೇಕೋ ಗೊತ್ತಾಗಲಿಲ್ಲ. ಅವನ ಹೆಸರಂತೂ ನನ್ನ ನಾಲಗೆಗೆ ಹೊರಳುವುದೇ ಇಲ್ಲ. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದಾಗ ತಡವರಿಸಿ, ಕೊನೆಗೆ ನನ್ನ ಹೆಸರನ್ನೇ ಹೇಳಿ ಬಂದೆ.

ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಫುಟ್‌ಬಾಲ್ ಎಂದರೆ ನನ್ನ ಮಟ್ಟಿಗೆ, ಪಿ.ಟಿ. ಮೇಷ್ಟ್ರು ರಜೆ ಹಾಕಿದ ದಿನ ಹುಡುಗರತ್ತ ಎಸೆದು ಹೊಂಗೆಮರದ ನೆರಳಿಗೆ ಹೋಗಿ ಕೂರುವ ವಸ್ತು. ನನ್ನ ಅಕ್ಕನ ಮಗಳು ಚೈತ್ರಾಳಿಗೆ ಹಾಗಲ್ಲ. ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ಅವಳ ರೂಮಿನವರೆಲ್ಲ ಮಲಯಾಳಿ ಹುಡುಗಿಯರು. ಅವರಿಂದ ಅಕ್ಕಿಹಿಟ್ಟಿನ ಪುಟ್ಟು ಮಾಡುವುದನ್ನೂ ಈ ತಂಡದ ಹುಚ್ಚನ್ನೂ ಒಟ್ಟಿಗೇ ಕಲಿತು ಬಂದಳು. ಪುಟ್ಟು ಈಚೆಗೆ ಬಿಟ್ಟುಹೋಗಿದೆ.

ಬಂದ ಗಂಡುಗಳನ್ನೆಲ್ಲ ಅವಳು ಬೇಡವೆನ್ನುತ್ತ ಬಂದದ್ದರಿಂದ ಅಕ್ಕ ಬಿ.ಪಿ. ಮಾತ್ರೆಯವರೆಗೆ ಬಂದಿದ್ದಳು. ಆಗ ಚಾಮರಾಜನಗರದ ಮಾದೇಶನನ್ನು ಹುಡುಕಿದವನು ನಾನು. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಒಳ್ಳೆಯ ಮನೆತನ. ಅವನೂ ಅದೇ ತಂಡದ ಅಭಿಮಾನಿ ಎಂದು ತಿಳಿದಾಗಲಂತೂ ಜಾತಕವೇ ಕೂಡಿಬಂತೆಂದು ಹಿಗ್ಗಿಹೋದೆ. ಒಂದೇ ತಂಡದವರೇ ಹೆಚ್ಚು ಕಿತ್ತಾಡುವುದೆಂದು ನನಗೇನು ಗೊತ್ತು? ವರ್ಷವರ್ಷವೂ ಮೊಗಲರ ಪಾಠ ಮಾಡುವವನಿಗೆ ಅಷ್ಟಾದರೂ ಹೊಳೆಯಬೇಕಿತ್ತು. ಅಲ್ಲಿ ಸಿಂಹಾಸನಕ್ಕೆ ಬಡಿದಾಡಿದವರೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು.

ಹೆಣ್ಣು ನೋಡುವ ದಿನ ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ, ಈಗಿನ ಪದ್ಧತಿಯಂತೆ, ಹುಡುಗ ಹುಡುಗಿ ಐದು ನಿಮಿಷ ಮಾತಾಡಿಕೊಳ್ಳಲಿ ಎಂದು ಒಳಕೋಣೆಗೆ ಕಳಿಸಿದೆವು. ಐದು ನಿಮಿಷ ಕಳೆದು, ಇನ್ನೊಂದು ಸುತ್ತು ಕಾಫಿಯೂ ಮುಗಿಯಿತು. ಅಕ್ಕನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಹುಡುಗನ ದನಿ ಏರಿತು.

“ಕಳಿಸ್ಬುಡ್ಬೇಕು ಕಣ್ರೀ! ಇವತ್ತೇ ಕಳಿಸ್ಬುಡ್ಬೇಕು!”

“ಬಂದು ಇನ್ನೂ ವರ್ಷ ಆಗಿಲ್ಲ, ಆಗ್ಲೇ ಮನೆಗೆ ಕಳ್ಸಾದಾ?” ಇದು ನಮ್ಮ ಹುಡುಗಿ.

ಹುಡುಗನ ತಾಯಿ ಲೋಟ ಕೆಳಗಿಟ್ಟರು. “ನಮ್ಮನೇಲಿ ಯಾವ ಸೊಸೆನೂ ತವರ್ಗೆ ಕಳ್ಸಿಲ್ಲ ಕಣವ್ವ. ಇವ್ನ್ಯಾಕೆ ಇಂಗಂತವ್ನೋ ಕಾಣೆ!” ಎಂದು ಅಕ್ಕನ ಕೈ ಹಿಡಿದುಕೊಂಡರು. ನಾನು ಓಡಿಹೋಗಿ ಒಳಗೆ ನೋಡಿದರೆ ಇಬ್ಬರೂ ಕೆಂಪಗಾಗಿ ಮ್ಯಾನೇಜರನ ಭವಿಷ್ಯ ಇತ್ಯರ್ಥ ಮಾಡುತ್ತಿದ್ದರು. ಹೊರಗೆ ಬಂದು ವಿಷಯ ಬಿಡಿಸಿ ಹೇಳಿದೆ. ಹುಡುಗನ ತಂದೆ ಎಲ್ಲವನ್ನೂ ಗಂಭೀರವಾಗಿ ಕೇಳಿ, “ಸರಿ ಮೇಷ್ಟ್ರೇ, ಅಂವ ನಮ್ಗೆ ಏನಾಗ್ಬೇಕು?” ಎಂದರು. ನಾನು ಎದ್ದುಹೋಗಿ ಮತ್ತೊಂದು ಸುತ್ತು ಕಾಫಿಗೆ ಹೇಳಿ ಬಂದೆ.

ಅವರು ಹೋದ ಮೇಲೆ ಚೈತ್ರಾ, “ಹುಡುಗ ಒಳ್ಳೇವ್ನೇ ಮಾವ. ಆದ್ರೆ ಒಬ್ಬ ಮನುಷ್ಯನ್ಗೆ ಒಂದ್ ವರ್ಷ ಟೈಮ್ ಕೊಡ್ದೋನು ನಂಗೆಷ್ಟು ಕೊಟ್ಟಾನು? ಲೀಗ್ ಮುಗೀಲಿ, ಹೇಳ್ತೀನಿ” ಎಂದಳು. ಅಕ್ಕ ನನ್ನನ್ನು ನೋಡಿದ ನೋಟ, ಆ ಮ್ಯಾನೇಜರನ್ನು ನಾನೇ ನೇಮಿಸಿದ್ದೆನೇನೋ ಎಂಬಂತಿತ್ತು.

ಹೀಗೆ ನಾನು ಕ್ರೀಡಾಪುಟ ಓದತೊಡಗಿದೆ. ಓದಿದಷ್ಟೂ ತಲೆ ಕೆಟ್ಟಿತು. ಈ ಮ್ಯಾನೇಜರ್ ಎಂಬಾತ ಚೆಂಡನ್ನು ಮುಟ್ಟುವುದೇ ಇಲ್ಲ. ಕೋಟು ತೊಟ್ಟು ಗೆರೆಯಾಚೆ ನಿಂತು, ಸ್ಪೋರ್ಟ್ಸ್ ಡೇ ದಿನದ ನಮ್ಮ ಹೆಡ್‌ಮೇಷ್ಟ್ರ ಹಾಗೆ ಕೈ ಬೀಸುತ್ತಿರುತ್ತಾನೆ. ಗೆದ್ದರೆ ಆಟಗಾರರ ಫೋಟೋ, ಸೋತರೆ ಇವನ ಫೋಟೋ. ಅವನು ದುಡ್ಡು ಸುರಿದು ಬೇರೆ ಬೇರೆ ದೇಶಗಳಿಂದ ಕೊಂಡು ತಂದ ಹೊಸ ಹುಡುಗರದೇ ದೊಡ್ಡ ತಕರಾರು. ಮಾದೇಶ ಫೋನಿನಲ್ಲಿ, “ಕಾಲಿಗೆ ಚೆಂಡು ಬಂದ್ರೆ ಎದುರ್ಕತಾರೆ ಮೇಷ್ಟ್ರೇ, ಇಂಥೋರ್ನ ತಂದೋನ್ನ ಇಟ್ಕಂಡು ಏನ್ ಮಾಡಾದು?” ಎನ್ನುತ್ತಿದ್ದ. ನಿಜವೆನಿಸುತ್ತಿತ್ತು. ಸಂಜೆ ಚೈತ್ರಾ ಬಂದು, “ಊರು ಹೊಸ್ದು, ಭಾಷೆ ಬರಲ್ಲ, ಊಟ ಸೇರಲ್ಲ, ಹೊಂದ್ಕಳಕ್ಕೆ ಟೈಮ್ ಬೇಕಲ್ವಾ ಮಾವ ಪಾಪ” ಎಂದರೆ ಅದೂ ನಿಜವೆನಿಸುತ್ತಿತ್ತು. ಪಾಠ ಮಾಡಿ ಮಾಡಿ, ಯಾರು ಏನು ಹೇಳಿದರೂ ತಲೆಯಾಡಿಸುವ ಮಕ್ಕಳ ರೋಗ ನನಗೂ ಅಂಟಿರಬೇಕು.

ಬೆಟ್ಟದ ಮೇಲೆ ಬಾಯಿ ಕಟ್ಟಿದ್ದೂ ಇದಕ್ಕೇ. ಮ್ಯಾನೇಜರ್ ಉಳಿದರೆ ಚೈತ್ರಾಳ ಮಾತು ಗೆಲ್ಲುತ್ತದೆ, ಮಾದೇಶ ಮುನಿಸಿಕೊಳ್ಳುತ್ತಾನೆ. ಹೋದರೆ ಮಾದೇಶ ಮೀಸೆ ತಿರುವುತ್ತಾನೆ, ಅವಳು ಅವನ ಮುಖ ನೋಡುವುದಿಲ್ಲ. ಎತ್ತ ಎಣಿಸಿದರೂ ಮದುವೆ ಮುರಿಯುವ ಲೆಕ್ಕವೇ. ಮಂಜು ಗರ್ಭಗುಡಿಯ ಬಾಗಿಲವರೆಗೂ ಬಂದಿತ್ತು. ನನ್ನ ತಲೆಯೊಳಗೂ ಅದೇ ಇತ್ತು. ನಿನಗೆ ತೋಚಿದ್ದು ಮಾಡಪ್ಪ ಎಂದು ತೀರ್ಥ ತೆಗೆದುಕೊಂಡೆ.

ಅವನಿಗೆ ಏನು ತೋಚಿತೋ, ಲೀಗ್ ಮುಗಿಯುವ ಮೊದಲೇ ಮ್ಯಾನೇಜರನ್ನು ತೆಗೆದುಹಾಕಿದರು. ಬೆಳಿಗ್ಗೆ ಮೊಬೈಲಿನಲ್ಲಿ ಓದಿದೆ. ಅಕ್ಕನಿಗೆ ಯಾವ ಮುಖ ಹೊತ್ತು ಹೇಳುವುದೆಂದು ಯೋಚಿಸುತ್ತಿರುವಾಗ ಮಾದೇಶನದೇ ಫೋನು. ಮನೆಯಲ್ಲಿ ಸಾವಾದಂಥ ದನಿ.

“ತೆಗ್ದೇ ಬುಟ್ರಲ್ಲ ಮೇಷ್ಟ್ರೇ. ಇನ್ನೊಂದ್ ವರ್ಷ ಕೊಡ್ಬೋದಾಗಿತ್ತು. ನೆನ್ನೆಯಿಂದ ಊಟ ಸೇರ್ತಿಲ್ಲ.”

ನನಗೆ ರೇಗಿತು. “ಅಲ್ಲಪ್ಪ, ಕಳಿಸ್ಬೇಕು ಕಳಿಸ್ಬೇಕು ಅಂತ ಅಷ್ಟು ದಿನದಿಂದ ಬಾಯಿ ಬಡ್ಕೊಂಡೋನು ನೀನೇ ಅಲ್ವಾ?”

“ಅದು ಬಯ್ಯಾದು ಮೇಷ್ಟ್ರೇ. ನಮ್ಮೋನು ಅಂತ ಬಯ್ತೀವಿ. ಬಯ್ದೋ ಅಂತ ನಿಜ್ವಾಗ್ಲೂ ಕಳಿಸ್ಬುಡಾದಾ?”

ಫೋನಿನ ಸ್ಪೀಕರ್ ಹಾಕಿಯೇ ಇತ್ತು. ಡ್ಯೂಟಿಗೆ ಹೋಗುವ ಮುನ್ನ ಪೇಪರ್ ನೋಡಲು ಬಂದಿದ್ದ ಚೈತ್ರಾ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಅತ್ತು ಊದಿತ್ತು, ಮ್ಯಾನೇಜರನಿಗಾಗಿ. “ಒಪ್ಗೆ ಅಂತ ಹೇಳಿ ಮಾವ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಮಾದೇಶನಿಗೆ ಒಪ್ಪಿಗೆ ತಿಳಿಸಿ ಫೋನಿಟ್ಟೆ. ಕಳಿಸು ಎಂದವನು ಅಳುತ್ತಿದ್ದಾನೆ, ಬೇಡವೆಂದವಳು ಸೋತು ಒಪ್ಪಿದ್ದಾಳೆ, ಮದುವೆ ಕುದುರಿದೆ, ಒಬ್ಬ ಬಡಪಾಯಿಯ ಕೆಲಸ ಹೋಗಿದೆ. “ಇದೇನೇ ಇದು, ಒಂದೂ ಅರ್ಥವಾಗಲಿಲ್ಲ” ಎಂದೆ ಹೆಂಡತಿಗೆ. ಅವಳು ಅಡುಗೆಮನೆಯಿಂದಲೇ ಹೇಳಿದಳು:

“ಅರ್ಥ ಆಗಕೆ ಏನೈತೆ? ಮದ್ವೆ ಆದಾಗಿಂದ ದಿನಾ ನಿಮ್ಮನ್ನ ಬಯ್ತಾ ಇವ್ನಿ. ಕಳಿಸ್ಬುಟ್ಟಿದ್ದೀನಾ?”

ಇದನ್ನು ಹೊಗಳಿಕೆ ಎಂದುಕೊಳ್ಳಲೋ ಎಚ್ಚರಿಕೆ ಎಂದುಕೊಳ್ಳಲೋ ನನಗಿನ್ನೂ ಬಗೆಹರಿದಿಲ್ಲ. ಆವತ್ತು ಮಾತ್ರ ಕುಡಿದ ಕಾಫಿಲೋಟವನ್ನು ನಾನೇ ತೊಳೆದಿಟ್ಟೆ.