ಒಗೆಯೋ ಕಲ್ಲಿನ ಪರ್ಮಿಟ್ಟು

ನಾನು ಕರಾವಳಿಯವಳು. ಕೆಂಪು ಮುರಕಲ್ಲು ನೋಡಿ ಬೆಳೆದವಳಿಗೆ ಬೆಂಗಳೂರಿನ ಕರಿಕಲ್ಲೆಂದರೆ ಕುತೂಹಲ. ಎಂಬತ್ತರ ದಶಕದಲ್ಲಿ ಬಸವೇಶ್ವರನಗರದಲ್ಲಿ ಮನೆ ಕಟ್ಟಿಸುವಾಗ, ಬಟ್ಟೆ ಒಗೆಯಲು ಒಂದು ದೊಡ್ಡ ಕಲ್ಲು ಬೇಕೆಂದು ಹೇಳಿಕಳಿಸಿದ್ದೆ. ಪಾಯದ ಕಲ್ಲುಗಳ ಜೊತೆ ಲಾರಿಯಲ್ಲಿ ಅದೂ ಬಂತು. ಮೈತುಂಬ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ!

“ಒಗೆಯೋ ಕಲ್ಲಿಗೆ ಯಾಕಪ್ಪ ಪೂಜೆ?” ಎಂದೆ.

“ಅದೇ ಅಮ್ಮ ನಮ್ಮ ಪರ್ಮಿಟ್ಟು,” ಎಂದ ಡ್ರೈವರ್. “ಕ್ವಾರಿಗೆ ಲೈಸೆನ್ಸ್ ಇಲ್ಲ. ಮನೆ ಕಲ್ಲು ಅಂದ್ರೆ ಚೆಕ್‌ಪೋಸ್ಟಲ್ಲಿ ಕೈ ಚಾಚ್ತಾರೆ, ದೇವ್ರ ಕಲ್ಲು ಅಂದ್ರೆ ಕೈ ಮುಗೀತಾರೆ.”

“ಯಾವ ಗುಡ್ಡದ್ದು?”

“ಅದೊಂದು ಕೇಳ್ಬೇಡಿ.”

ಅಷ್ಟರಲ್ಲಿ ಲಾರಿಯನ್ನು ಹಿಂಬಾಲಿಸಿಕೊಂಡು ಚೆಕ್‌ಪೋಸ್ಟಿನ ಸಾಹೇಬರೊಬ್ಬರು ಸ್ಕೂಟರಿನಲ್ಲಿ ಬಂದಿಳಿದರು. ಡ್ರೈವರ್ ಬೆವೆತುಹೋದ. ಸುಳ್ಳು ಗೊತ್ತಾದರೆ ಲಾರಿ ಜಪ್ತಿ. ಸಾಹೇಬರು ಚಪ್ಪಲಿ ಬಿಟ್ಟು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ದೇವಸ್ಥಾನ ಎಲ್ಲಮ್ಮಾ?”

ಡ್ರೈವರ್ ನನ್ನ ಮುಖ ನೋಡಿದ.

“ಇನ್ನೂ ಕಟ್ಟಿಲ್ಲ ಸಾರ್,” ಎಂದೆ. ಅದೇನೂ ಸುಳ್ಳಲ್ಲವಲ್ಲ!

“ಆಗ ಗಡಿಬಿಡೀಲಿ ಕಾಣಿಕೆ ಹಾಕೋದು ಮರೆತೆ,” ಎಂದು ಅವರು ಮುದುರಿದ ನೋಟೊಂದನ್ನು ಹಾರದ ಕೆಳಗೆ ಸಿಕ್ಕಿಸಿ ಹೊರಟರು. ಲಂಚ ಉಲ್ಟಾ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಡ್ರೈವರ್ ನೋಟನ್ನು ಜೇಬಿಗೆ ಹಾಕಿಕೊಂಡ. ನಾನು ಬಿಡಲಿಲ್ಲ. “ಈಗಾದ್ರೂ ಹೇಳು, ಯಾವ ಗುಡ್ಡ?”

“ಗುಡ್ಡ ಇನ್ನೆಲ್ಲಿದೆ ಅಮ್ಮ? ಅರ್ಧ ಹೋಯ್ತು. ಹೋದದ್ದರಲ್ಲಿ ಸ್ವಲ್ಪ ನಿಮ್ಮ ಪಾಯಕ್ಕೇ ಬಂದಿದೆ,” ಎಂದು ನಕ್ಕ.

ಕುಂಕುಮವೇನೋ ಮೊದಲ ದಿನದ ಸೋಪಿಗೇ ಹೋಯಿತು; ಯಾವ ಗುಡ್ಡವೆಂಬುದು ಮಾತ್ರ ಇಂದಿಗೂ ಗೊತ್ತಾಗಿಲ್ಲ.