ಪತರೆಯ ಅಂಗಿ, ಸೋಡಾ ಬಿಲ್ಲೆಯ ಢಾಲು

ಆಗೆಲ್ಲ ದೀಪಾವಳಿ ಹತ್ತಿರ ಬಂತೆಂದರೆ ಬೆಳಗಾವಿಯ ಓಣಿಗಳಲ್ಲಿ ಪಟಾಕಿಗಿಂತ ಮೊದಲು ಕಾಣುತ್ತಿದ್ದದ್ದು ಮಣ್ಣಿನ ಕಿಲ್ಲಾ. ಹುಡುಗರು ಕಲ್ಲು ಒಟ್ಟಿ, ಹಳೆಯ ಗೋಣಿತಟ್ಟು ಹೊದಿಸಿ, ಮೇಲೆ ಕೆಂಪು ಮಣ್ಣು ಬಳಿದು ಬುರುಜು, ಬಾಗಿಲು ಮಾಡುತ್ತಿದ್ದರು. ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡವೆಲ್ಲ ಹಸಿರು. ಹೊರಗೆ ಹಸಿ ಮಣ್ಣಿನ ವಾಸನೆ, ಒಳಗೆ ಕರ್ಚಿಕಾಯಿ ಕರಿಯುವ ವಾಸನೆ. ಕಿಲ್ಲಾ ಈಗಲೂ ಕಟ್ಟುತ್ತಾರೆ. ನಾನು ಹೇಳುತ್ತಿರುವುದು ಕಿಲ್ಲಾ ಕಟ್ಟಿ ಮುಗಿದ ಮೇಲೆ ನಾವು ಆಡಿದ ಆಟದ ಸಂಗತಿ. ಮೊನ್ನೆ ನನ್ನ ಮೊಮ್ಮಗಳು ಗೆಳತಿಯರ ಜೊತೆ ರಾಜ-ರಾಕ್ಷಸರ ದಾಳದಾಟ ಆಡುತ್ತಿದ್ದವಳು, "ಅಜ್ಜಿ, ಕವಚ ಹಾಕ್ಕೊಂಡಾಂವ ಸೋಲೂದ ಇಲ್ಲ ನೋಡು, ಇದ್ಯಾ ಸೀಮಿ ಆಟ!" ಎಂದು ಮುಖ ಊದಿಸಿಕೊಂಡು ಬಂದಳು. ನನಗಾದ ಸಂತೋಷ ಎಷ್ಟೆಂದು ಹೇಳಲಿ! ಅದೇ ಜಗಳ, ಅದೇ ಮಾತು. ಅಡಿಗೆ ಬಿಟ್ಟು ಅವಳಿಗೆ ಎಲ್ಲ ಹೇಳಿದೆ. ಹೇಳಿದ್ದು ಸಾಲದೆ ಈಗ ಬರೆಯುತ್ತಿದ್ದೇನೆ.

ನಮ್ಮೂರು ಪಾರಿಶ್ವಾಡ. ದೀಪಾವಳಿ ಸೂಟಿಗೆ ಬೆಳಗಾವಿಯ ಸೋದರಮಾವನ ಮನೆಗೆ ಬರುತ್ತಿದ್ದೆ. ಮಾವ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವನ ಮಗ ಈರಣ್ಣ ನನಗಿಂತ ಸ್ವಲ್ಪ ದೊಡ್ಡವ. ಮಾವನ ಮನೆಗೆ ಅಂಗಳವಿರಲಿಲ್ಲ. ಬಾಜುವಿನ ಜೈನರ ಮನೆಗೆ ಬಾವಿಯಿದ್ದ ದೊಡ್ಡ ಅಂಗಳವಿತ್ತು. ಆ ಮನೆಯ ಪದ್ಮಾ ನನ್ನ ವಾರಿಗೆಯವಳು. ಅವಳ ಅಜ್ಜಿಯನ್ನು ಇಡೀ ಓಣಿ ಆಯಿ ಎಂದೇ ಕರೆಯುತ್ತಿತ್ತು. ಆಯಿಯ ಅಪ್ಪಣೆ ಪಡೆದು ಕಿಲ್ಲಾ ಕಟ್ಟುತ್ತಿದ್ದದ್ದು ಅಲ್ಲೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆ ಸಲ ಊರಿನಿಂದ ಹೊರಡುವಾಗಲೇ ಅಪ್ಪ ಹೇಳಿದ್ದ, ಸೂಟಿ ಮುಗಿದ ಮೇಲೆ ನಾನು ಸಾಲಿಗೆ ಹೋಗುವುದು ಬೇಡ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕು ಎಂದು. ಅಂದರೆ ಆಟವೆಂಬುದು ಇದೇ ಕಡೆಯದು. ಪಾಡ್ಯ ಮುಗಿದ ಮೇಲೆ ಕಿಲ್ಲಾ ಕೆಡವುವುದು ರೂಢಿ. ಅಲ್ಲಿಯವರೆಗಾದರೂ ಆಟ ನಡೆಯಲಿ ಎಂಬುದೊಂದೇ ನನ್ನ ಆಸೆ.

ಅಂಗಳದ ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಮನೆಗಳನ್ನು ಬರೆದುಕೊಳ್ಳುತ್ತಿದ್ದೆವು. ಖಾನಾಪುರದ ಕುಂಬಾರರಿಂದ ಅಪ್ಪ ತಂದುಕೊಟ್ಟ ಮಣ್ಣಿನಲ್ಲಿ ನಾನು ಸಿಪಾಯಿಗಳನ್ನು ಮಾಡಿ, ಒಣಗಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ತಂದಿದ್ದೆ. ನಾಲ್ಕು ಕವಡೆ ಚೆಲ್ಲುವುದು. ಎರಡು ಅಂಗಾತ ಬಿದ್ದರೆ ಎದುರಿನ ಸಿಪಾಯಿಗೆ ಪೆಟ್ಟು. ಪೆಟ್ಟು ಬಿದ್ದವ ಸತ್ತ. ಇಷ್ಟೇ ಆಟ.

ಈರಣ್ಣ ಎಣ್ಣೆ ಡಬ್ಬಿಯ ತಗಡು, ನಮ್ಮ ಮಾತಿನಲ್ಲಿ ಪತರೆ, ಕತ್ತರಿಸಿ ತನ್ನ ಸಿಪಾಯಿಗಳಿಗೆಲ್ಲ ಅಂಗಿ ತೊಡಿಸಿದ. ಸೋಡಾ ಬಾಟಲಿಯ ಬಿಲ್ಲೆಯನ್ನು ಗುರಾಣಿಯಂತೆ ಅಂಟಿಸಿ ಢಾಲು ಮಾಡಿದ.

"ಪತರಾ ಅಂಗಿ ಐತಿ. ಇವಂಗ ಮೂರು ಕವಡಿ ಬೀಳಬೇಕು," ಎಂದ.

"ಢಾಲಿಗೆ?"

"ಢಾಲೂ ಇದ್ರ ನಾಕೂ ಬೀಳಬೇಕು."

ನಾಲ್ಕೂ ಎಲ್ಲಿ ಬೀಳುತ್ತವೆ! ನಮ್ಮವರೆಲ್ಲ ಸತ್ತರು, ಅವನವರಲ್ಲಿ ಒಬ್ಬನೂ ಅಲುಗಲಿಲ್ಲ. ಎದುರು ಮನೆಯ ಸುಭಾಸ ಸಿಟ್ಟಿನಿಂದ ತನ್ನ ಸಿಪಾಯಿಗಳನ್ನು ಚಡ್ಡಿಯ ಕಿಸೆಗೆ ತುಂಬಿಕೊಂಡ.

"ಸಿಪಾಯಿ ಅಲ್ಲೋ ಅದು, ತಿಜೋರಿ! ನಿಂದ ನೀನ ಆಡ್ಕೋ," ಎಂದು ಎದ್ದೇ ಹೋದ.

ಮರುದಿನ ನಾನೇ ಅವನನ್ನು ಕರೆದು ತಂದು, ಎಲ್ಲರ ಸಿಪಾಯಿಗಳಿಗೂ ಢಾಲು ಅಂಟಿಸಿ ಪತರೆ ತೊಡಿಸೋಣ ಎಂದೆ. ತೊಡಿಸಿದೆವು. ಆಗ ಯಾರಿಂದಲೂ ಯಾರಿಗೂ ಪೆಟ್ಟು ಬೀಳಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಸಿಪಾಯಿಗಳು ನಿಂತಲ್ಲೇ ನಿಂತಿದ್ದರು. ಪದ್ಮಾ ಆಕಳಿಸಿದಳು. ಅಕಸ್ಮಾತ್ ನಾಲ್ಕೂ ಬಿದ್ದಾಗ ಸುಭಾಸ, "ಸತ್ತ! ಸತ್ತ! ಕೊಂದೆ!" ಎಂದು ಕುಣಿದದ್ದೇ ತಡ, ಒಳಗಿಂದ ಆಯಿ ಬಂದರು.

"ಯಾರಪಾ ಸತ್ತಾಂವ?"

"ಮಣ್ಣಿನ ಸಿಪಾಯಿರೀ ಆಯಿ."

"ಮಣ್ಣಿಂದಿದ್ರೇನಾತು? ಮನಸಿನ್ಯಾಗ ಕೊಂದೀರಿಲ್ಲೋ? ನನ್ನ ಅಂಗಳದಾಗ ಕೊಲ್ಲೂ ಆಟ ಬ್ಯಾಡ. ಅದನ್ನ ಆಡೂದಿದ್ರ ನಿಮ್ಮ ಕಿಲ್ಲಾ ಹೊತ್ಕೊಂಡು ಹೊರಗ ನಡೀರಿ."

ಕಿಲ್ಲಾ ಹೊತ್ತುಕೊಂಡು ಹೋಗುವುದೆಂದರೇನು! ನನಗೆ ಅಳುವೇ ಬಂತು. "ಹಂಗಾರ ಪೆಟ್ಟು ಬಿದ್ದಾಂವ ಏನ ಮಾಡ್ಬೇಕ್ರೀ ಆಯಿ?" ಎಂದೆ.

"ದಣದಿರ್ತಾನ. ಕುಂದರ್ಲಿ. ನೀರು ಕುಡದು ಆಮ್ಯಾಲೆ ಏಳ್ಲಿ," ಎಂದು ಆಯಿ ಒಳಗೆ ಹೋದರು.

"ದಣೀತಾನಂತ! ಇದೇನ್ ಮಜಾ?" ಎಂದು ಈರಣ್ಣ ಗೊಣಗಿದ. ನನಗೆ ಮಾತ್ರ ತಲೆಯಲ್ಲಿ ದೀಪ ಹತ್ತಿತು. ಊರಲ್ಲಿ ನಾನು ದಿನಾ ನೀರು ಹೊರುವವಳು. ತುಂಬಿದ ಕೊಡ ಹೊತ್ತವಳಿಗೆ ಓಡಲು ಆಗುತ್ತದೆಯೇ?

"ಈರಣ್ಣಾ, ಪತರಾ ಹೊತ್ತಾಂವ ಲಗೂನ ದಣೀಬೇಕಲ್ಲ?"

"ಸಿಪಾಯಿ ಗಟ್ಟಿ ಇರ್ತಾನ. ದಣಿಯೂದಿಲ್ಲ."

"ಖರೇ ಏನು? ನೀನೂ ಗಟ್ಟಿ ಅದೀಯಲ್ಲ. ನೋಡೂಣು."

ಪದ್ಮಾ ಅಡಿಗೆಮನೆಯಿಂದ ಹಿಟ್ಟು ನಾದುವ ಹಿತ್ತಾಳೆಯ ದೊಡ್ಡ ತಟ್ಟೆ, ಪರಾತಗಳನ್ನು ತಂದಳು. ಈರಣ್ಣನ ಎದೆಗೊಂದು, ಬೆನ್ನಿಗೊಂದು ಇಟ್ಟು ಬಾವಿಯ ಹಗ್ಗದಿಂದ ಬಿಗಿದೆವು. ಕೈಗೆ ಢಾಲೆಂದು ರೊಟ್ಟಿ ಹಂಚು ಕೊಟ್ಟೆವು. ಬಾವಿಯ ಸುತ್ತ ಓಡು ಎಂದೆವು. ಢಣಢಣ ಸಪ್ಪಳ ಮಾಡುತ್ತ ಓಡಿದ. ಸ್ವಲ್ಪ ಹೊತ್ತಿಗೇ ಬಾಯಿ ಬಿಟ್ಟ. ಸುಭಾಸ ಬೆನ್ನ ಹಿಂದಿನಿಂದ ಚೆಂಡುಹೂವು ಒಗೆದ. ಹಂಚು ಮುಂದಿತ್ತು, ಹೂವು ತಲೆಯ ಹಿಂಭಾಗಕ್ಕೆ ಬಡಿಯಿತು. ತಿರುಗಿ ಒಗೆಯಲು ಹೋದರೆ ಹಂಚು ಹಿಡಿದ ಕೈ ಎತ್ತಲು ಬರಲಿಲ್ಲ. ಕಾಲು ಕಾಣದೆ ನಮ್ಮ ಕಿಲ್ಲೆಯ ಬುರುಜಿನ ಮೇಲೇ ಕೂತುಬಿಟ್ಟ.

"ಬಿಚ್ರಲೇ ಇದನ್ನ!" ಎಂದು ಚೀರಿದ. ಹೊಸ್ತಿಲಲ್ಲಿ ನಿಂತ ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಬುರುಜು ರಿಪೇರಿ ಮಾಡುತ್ತಲೇ ಹೊಸ ಕಾಯಿದೆ ಕಟ್ಟಿದೆವು. ಪ್ರತಿ ಸಿಪಾಯಿಯ ಮುಂದೆ ಐದು ಹುಣಸೆ ಬೀಜ. ಅದು ಅವನ ದಮ್ಮು. ಪೆಟ್ಟು ಬಿದ್ದರೆ ಒಂದು ಬೀಜ ಹೋಯಿತು. ಎಲ್ಲ ಹೋದರೆ ಅವ ಕುಳಿತುಕೊಳ್ಳಬೇಕು, ಒಂದು ಸುತ್ತು ಕಳೆದ ಮೇಲೆ ಎರಡು ಬೀಜ ಪಡೆದು ಏಳಬೇಕು. ಒಬ್ಬರ ಸಿಪಾಯಿಗಳೆಲ್ಲ ಒಮ್ಮೆಗೇ ಕುಳಿತಿದ್ದರೆ ಅವರು ಸೋತಂತೆ. ಪತರೆ ತೊಟ್ಟವನಿಗೆ ಪೆಟ್ಟು ಕೊಡಲು ಮೂರು ಕವಡೆ ಬೇಕು, ಖರೆ. ಆದರೆ ನಡೆದಾಗೊಮ್ಮೆ ಅವನ ಒಂದು ಬೀಜ ಹೋಗುತ್ತದೆ. ಢಾಲು ಮುಂದಿನಿಂದ ಬಂದ ಪೆಟ್ಟಿಗೆ ಮಾತ್ರ. ಢಾಲು ಹಿಡಿದವ ದೂರದವನ ಮೇಲೆ ಭಾಲೆ, ಅಂದರೆ ಈಟಿ, ಒಗೆಯುವ ಹಾಗಿಲ್ಲ, ಪಕ್ಕದ ಮನೆಯವನನ್ನಷ್ಟೇ ಹೊಡೆಯಬೇಕು.

ಮೊದಲ ಆಟದಲ್ಲಿ ಇದೂ ಕೆಟ್ಟಿತು. ನಡೆದರೆ ಬೀಜ ಹೋಗುತ್ತದೆಂದು ಎಲ್ಲರೂ ಪತರೆ ಕಿತ್ತೊಗೆದರು.

"ಇಷ್ಟು ಪತರಾ ಸುಮ್ಮನ ಕತ್ತರಿಸಿದ್ನೇನು?" ಎಂದು ಈರಣ್ಣ ಎದ್ದು ನಿಂತ. ಇವನೂ ಹೋದರೆ ಮುಗಿಯಿತು.

"ಕುಂದರೋ ಮಾರಾಯಾ. ಕೊಡ ಹೊತ್ತಾಕಿ ಓಡೂದಿಲ್ಲ, ಸಾವಕಾಶ ನಡೀತಾಳ. ಒಂದು ಮನಿ ನಡದ್ರ ಬೀಜ ಬ್ಯಾಡ. ಎರಡು ಮನಿ ಓಡಿದ್ರಷ್ಟ ಒಂದು ಬೀಜ. ಆತೇನು?"

ಈರಣ್ಣ ಬಹಳ ಹೊತ್ತು ಮನೆಗಳನ್ನೇ ನೋಡಿದ. ಆಮೇಲೆ ತನ್ನ ಒಬ್ಬ ಸಿಪಾಯಿಯ ಅಂಗಿ ಬಿಚ್ಚಿದ, ಇನ್ನೊಬ್ಬನದು ಹಾಗೇ ಬಿಟ್ಟ. "ಇಂವ ಬಾಗಲಾ ಕಾಯ್ತಾನ, ಇಂವ ಓಡ್ತಾನ," ಎಂದು ಕುಳಿತ. ಅಲ್ಲಿಂದ ಆಟ ನಿಂತಿದ್ದೇ ಇಲ್ಲ. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಲು ಬರುತ್ತಿರಲಿಲ್ಲ. ಪಾಡ್ಯದ ಸಂಜೆ ನಾನೂ ಈರಣ್ಣನೂ ಉಳಿದೆವು. ಬರೀ ಮೈಯ ನನ್ನ ಭಾಲೆಯವನಲ್ಲಿ ಒಂದು ಬೀಜ, ಪತರೆಯ ಅವನವನಲ್ಲಿ ಒಂದು ಬೀಜ. ಆಯಿ ಹಣತೆಗೆ ಎಣ್ಣೆ ಹಾಕುವುದನ್ನು ಬಿಟ್ಟು ನೋಡುತ್ತಿದ್ದರು. ಈರಣ್ಣನ ಕವಡೆ ಬಿತ್ತು, ನನ್ನವ ಕುಳಿತ. ಸೋತೆ. ಆದರೆ ಒಬ್ಬರೂ ಎದ್ದು ಹೋಗಲಿಲ್ಲ.

"ಮತ್ತೊಂದು ಆಡೂಣೇನ?" ಎಂದ ಈರಣ್ಣ. ಆಡಿದೆವು. ಕಿಲ್ಲಾ ಕೆಡವಲು ಯಾರಿಗೂ ನೆನಪಾಗಲಿಲ್ಲ.

ಊರಿಗೆ ಹೋದೆ. ಸಾಲಿ ಬಿಡಿಸಿದರು. ಮುಂದಿನ ದೀಪಾವಳಿಗಳಲ್ಲಿ ತಮ್ಮ, ದನ, ಹೊಲ, ಆಮೇಲೆ ಲಗ್ನ. ಓಣಿಯಲ್ಲಿ ಇನ್ನೂ ಕೆಲವು ವರ್ಷ ಆ ಕಾಯಿದೆಯಲ್ಲೇ ಆಡಿದರಂತೆ. ಎಲ್ಲಿಂದಲೋ ಬಂದ ಹುಡುಗರೂ ಹುಣಸೆ ಬೀಜ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದರೆಂದು ಪದ್ಮಾ ಹೇಳಿದ್ದಳು. ಆಮೇಲೆ ನಿಂತುಹೋಯಿತು. ಆ ಅಂಗಳದಲ್ಲಿ ಈಗ ಮಾಳಿಗೆ ಮನೆ ಎದ್ದಿದೆ. ಬಾವಿ ಮುಚ್ಚಿದ್ದಾರೆ.

ಮೊಮ್ಮಗಳಿಗೆ ಹೇಳುವಾಗ ಒಂದು ಕಡೆ ತಡವರಿಸಿದೆ. ದಣಿದು ಕುಳಿತವನ ಢಾಲು ನಡೆಯುತ್ತದೋ ಇಲ್ಲವೋ? ಈರಣ್ಣನಿಗೆ ಫೋನು ಮಾಡಿದೆ. "ನಡೀತದ," ಎಂದ. "ಇಲ್ಲ, ಕುಂತಾವನ್ನ ಹೊಡಿಯೂ ಹಂಗ ಇರಲಿಲ್ಲ," ಎಂದೆ. "ನೀ ಮರತೀ ಬಿಡವಾ," ಎಂದ. "ನೀನ ಮರತೀ," ಎಂದೆ. ಇಬ್ಬರೂ ಮುದುಕರು, ಇಬ್ಬರೂ ಬಿಡಲಿಲ್ಲ. ಕಡೆಗೆ ಅವನೇ, "ಆಯೀನ್ನ ಕೇಳಬೇಕಾಗಿತ್ತು," ಎಂದ. ಕೇಳಲು ಆಯಿ ಈಗ ಇಲ್ಲ. ಫೋನು ಇಟ್ಟು ಮೊಮ್ಮಗಳ ಮುಂದೆ ಐದು ಹುಣಸೆ ಬೀಜ ಎಣಿಸಿಟ್ಟೆ.